ಪ್ರಾಸದ ಎಣಿಕೆ ಪುಸ್ತಕ ಮತ್ತು ಪುಟ್ಟ ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಕೇರಿಯ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳಲು ಶುರುಮಾಡಿ 11 ವರ್ಷವಾಯಿತು. ಮಕ್ಕಳನ್ನು ಕರೆದೊಯ್ಯಲು ಬಂದವರು ಚಪ್ಪಲಿ ಮೆಟ್ಟುತ್ತಾ ಕೇಳಿದ್ದು, ರಾತ್ರಿ ಫೋನು ಮಾಡಿ ಕೇಳಿದ್ದು, ಪತ್ರ ಬರೆದು ಕೇಳಿದ್ದು ಎಲ್ಲ ಸೇರಿಸಿದರೆ ಸುಮಾರು ಇಷ್ಟಾಗುತ್ತದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೇಲಿನವು ಸಲೀಸು, ಕೆಳಗಿಳಿದಂತೆ ಒಂದಷ್ಟು ಸಿಕ್ಕು.

## ಮೊದಮೊದಲ ಪ್ರಶ್ನೆಗಳು

"ಮಗೂಗೆ ಇನ್ನೂ ಒಂಬತ್ತು ತಿಂಗಳು. ಈಗ್ಲೇ ಎಣಿಕೆ ಪುಸ್ತಕ ಓದಿ ಏನು ಪ್ರಯೋಜನ?"

ಎಣಿಕೆಯ ಲೆಕ್ಕದಲ್ಲಿ ಏನೂ ಇಲ್ಲ. ಕಿವಿಯ ಲೆಕ್ಕದಲ್ಲಿ ಬೇಕಾದಷ್ಟಿದೆ. ಆ ವಯಸ್ಸಿನ ಕೂಸು ಪುಟಕ್ಕಿಂತ ಹೆಚ್ಚಾಗಿ ನಿಮ್ಮ ಬಾಯಿಯನ್ನು ನೋಡುತ್ತದೆ. ಸಾಲಿನ ಕೊನೆಯಲ್ಲಿ ಪ್ರಾಸ ಬೀಳುವ ಹೊತ್ತಿಗೆ ಕಾಲು ಬಡಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಹುಟ್ಟಿದಾಗಿನಿಂದಲೇ ಮಗುವಿಗೆ ಗಟ್ಟಿಯಾಗಿ ಓದಿ ಹೇಳುವಂತೆ ತಂದೆತಾಯಿಗೆ ತಿಳಿಸಿ ಎಂದು ತನ್ನ ವೈದ್ಯರಿಗೆ ಸೂಚಿಸಿತು. ನಮ್ಮ ಅಜ್ಜಿಯರು ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ತೂಗುತ್ತಾ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ, ಕೈಯಲ್ಲಿ ಪುಸ್ತಕ ಇರಲಿಲ್ಲ ಅಷ್ಟೆ. ಎರಡು ನಿಮಿಷ ಸಾಕು. ಮುಖ ಆಚೆ ತಿರುಗಿಸಿತೋ, ಮುಚ್ಚಿಡಿ.

"ಒಂದು ಎರಡು ಪದ್ಯ ನಮಗೆ ಬಾಯಿಗೇ ಬರುತ್ತಲ್ಲ, ಅದಕ್ಕೆ ದುಡ್ಡು ಕೊಟ್ಟು ಪುಸ್ತಕ ಯಾಕೆ?"

ಬಾಯಿಗೆ ಬರುವ ಪದ್ಯ ಕ್ರಮವನ್ನು ಕಲಿಸುತ್ತದೆ. ಆರಾದ ಮೇಲೆ ಏಳು, ಏಳಾದ ಮೇಲೆ ಎಂಟು. ಏಳೆಂದರೆ ಎಷ್ಟು ಅನ್ನುವುದನ್ನು ಅದು ತೋರಿಸಲಾರದು. ಜಿ.ಪಿ. ರಾಜರತ್ನಂ ಅವರ ಬಾಳೆಲೆ ಊಟದ ಪದ್ಯವನ್ನೇ ನೋಡಿ, ನಮ್ಮಲ್ಲಿ ಬಹಳ ಮಂದಿ ಹತ್ತರವರೆಗೆ ಕಲಿತದ್ದೇ ಅದರಲ್ಲಿ. ಅಲ್ಲಿ ಐದು, ಆರು ಬಂದಾಗ ಎಲೆಗೆ ಬೀಳುವುದು ಸಾರು. ಸಾರನ್ನು ಯಾರು ಎಣಿಸುತ್ತಾರೆ? ಪದ್ಯದ ಸೊಗಸಿಗೆ ಅದರಿಂದ ಏನೂ ಕೊರತೆಯಿಲ್ಲ, ಅದು ಊಟದ ಆಟ. ಪುಟದ ಮೇಲೆ ಏಳು ಬಾತುಕೋಳಿ ಸಾಲಾಗಿ ನಿಂತಿರುವಾಗ ಮಾತ್ರ "ಏಳು" ಅನ್ನುವ ಸದ್ದಿಗೆ ಮೈ ಬರುತ್ತದೆ.

ಅದಕ್ಕೇ ನಾನು ಹೇಳುವುದು: ಪದ್ಯ ಬಾಯಿಗೆ, ಚಿತ್ರ ಕಣ್ಣಿಗೆ, ಇವೆರಡನ್ನೂ ಹೊಲಿಯುವುದು ನಿಮ್ಮ ಬೆರಳು. ಮುಂದಿನ ಮುಕ್ಕಾಲು ಪಾಲು ಉತ್ತರಗಳು ಈ ಬೆರಳಿನ ಸುತ್ತಲೇ ಇವೆ.

"ಯೂಟ್ಯೂಬಲ್ಲಿ ಹಾಕಿಕೊಟ್ರೆ ಆಗಲ್ವಾ? ರಾಗಾನೂ ಇರತ್ತೆ, ಬಣ್ಣಾನೂ ಇರತ್ತೆ."

ರಾಗ ಇರುತ್ತದೆ, ಕಾಯುವ ಗುಣ ಇರುವುದಿಲ್ಲ. ಮಗು ನಾಲ್ಕನೇ ಆನೆಯ ಬಾಲ ನೋಡುತ್ತಾ ನಿಂತರೆ ವಿಡಿಯೊ ಐದಕ್ಕೆ ಹೋಗಿಯಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನವರಿಗೆ ಕೂತು ನೋಡುವ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ರಾಗ ಗೊತ್ತಿಲ್ಲದಿದ್ದರೆ ವಿಡಿಯೊ ನೋಡಿ ನೀವು ಕಲಿತುಕೊಳ್ಳಿ, ಆಮೇಲೆ ಮಗುವಿಗೆ ನಿಮ್ಮ ಗಂಟಲಲ್ಲಿ ಹೇಳಿ. ಗಂಟಲು ಒಡಕಾಗಿದ್ದರೂ ಮಗುವಿನದೇನೂ ತಕರಾರಿಲ್ಲ.

"ಎಂಥಾ ಪುಸ್ತಕ ತರ್ಬೇಕು? ಅಂಗಡೀಲಿ ನೋಡಿದ್ರೆ ಎಲ್ಲ ಒಂದೇ ಥರ ಕಾಣತ್ತೆ."

ಹೆಚ್ಚಿನವು ನಿಜಕ್ಕೂ ಒಂದೇ ಥರ. ಎಡಗಡೆ ದೊಡ್ಡ ಅಂಕಿ, ಬಲಗಡೆ ಎಲ್ಲಿಂದಲೋ ತಂದು ಅಂಟಿಸಿದ ಸೇಬಿನ ಫೋಟೊ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ಎಂಟರ ಪುಟ ತೆಗೆದು ನೀವೇ ಎಣಿಸಿ. ನಿಮಗೇ ಎರಡು ಸಲ ಎಣಿಸಬೇಕಾಯಿತು ಅಂದರೆ ವಾಪಸ್ ಇಡಿ. ಒಂದರ ಮೇಲೊಂದು ಬಿದ್ದಿರುವ ಮೀನು, ಅರ್ಧ ಪೊದೆಯೊಳಗೆ ಅಡಗಿದ ಮೊಲ ನಾಲ್ಕೈದು ವರ್ಷದವರಿಗೆ ಮಜಾ, ಎರಡೂವರೆ ವರ್ಷದವರಿಗೆ ಗೋಳು. ಚಿಕ್ಕವರಿಗೆ ಚಿತ್ರಗಳ ನಡುವೆ ಅವರ ತೋರುಬೆರಳಿನಷ್ಟು ಜಾಗ ಬೇಕು.

ಇನ್ನೊಂದು, ಜೋಡಣೆ. ಚೌಕಾಬಾರ ಆಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೂರು ಕವಡೆ ಅಂಗಾತ ಬಿದ್ದರೆ ಯಾರೂ ಒಂದು ಎರಡು ಮೂರು ಅನ್ನುವುದಿಲ್ಲ, ನೋಡಿದ ಕೂಡಲೇ ಗೊತ್ತು. ಮೂರು, ಹೆಚ್ಚೆಂದರೆ ನಾಲ್ಕರವರೆಗೆ ಕಣ್ಣೇ ಹೇಳಿಬಿಡುತ್ತದೆ, ಅದರಾಚೆಗೆ ಎಣಿಸಲೇಬೇಕು. ಒಳ್ಳೆಯ ಚಿತ್ರಕಾರರು ಏಳನ್ನು ನಾಲ್ಕು ಮತ್ತು ಮೂರಾಗಿ, ಎಂಟನ್ನು ನಾಲ್ಕು ನಾಲ್ಕಾಗಿ ಪುಟದಲ್ಲಿ ಬಿಡಿಸುತ್ತಾರೆ. ಕೂಡುವ ಲೆಕ್ಕ ಅಲ್ಲೇ ಸದ್ದಿಲ್ಲದೆ ಶುರುವಾಗಿರುತ್ತದೆ.

ಪದ್ಯವನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಅಂಗಡಿಯವನು ನೋಡಿದರೆ ನೋಡಲಿ. ನಾಲಿಗೆ ತಡವರಿಸುವ ಸಾಲು ಮನೆಗೆ ಬಂದ ಮೇಲೆ ಇನ್ನೂರು ಸಲ ತಡವರಿಸುತ್ತದೆ.

"ಕನ್ನಡದಲ್ಲಿ ಅಂಥವು ಎಲ್ಲಿ ಸಿಗ್ತವೆ?"

ಮೊದಲಿಗಿಂತ ಈಗ ಸುಲಭ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಚಿತ್ರಪುಸ್ತಕ ತರುತ್ತದೆ; ಅವರದೇ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಕನ್ನಡ ಪುಸ್ತಕಗಳನ್ನು ಪುಕ್ಕಟೆ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು. ಚೆನ್ನೈನ ತೂಲಿಕಾದವರು ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕ ಮಾಡುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದ ಮಳಿಗೆಗಳಲ್ಲಿ ಮಕ್ಕಳ ಕಪಾಟು ಇದ್ದೇ ಇರುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. 2020ರ "ಓದುವ ಬೆಳಕು" ಕಾರ್ಯಕ್ರಮದ ನಂತರ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನೊಳಗಿನ ಮಕ್ಕಳ ಗ್ರಂಥಾಲಯ ಇದೆ.

ಕಥೆಪುಸ್ತಕ ಎಷ್ಟು ಬೇಕಾದರೂ ಸಿಗುತ್ತದೆ, ಪ್ರಾಸವೂ ಎಣಿಕೆಯೂ ಚೆನ್ನಾಗಿರುವ ಪುಸ್ತಕ ಮಾತ್ರ ಇವತ್ತಿಗೂ ಹುಡುಕಿಯೇ ತೆಗೆಯಬೇಕು. ಯಾಕೆ ಅನ್ನುವುದು ಕೆಳಗೆ ಬರುತ್ತದೆ.

## ಮಡಿಲಲ್ಲಿ ಕೂರಿಸಿಕೊಂಡ ಮೇಲೆ

"ಹತ್ತರವರೆಗೂ ಪಟಪಟ ಹೇಳ್ತಾಳೆ. ಆದ್ರೆ ಮೂರು ಬಿಸ್ಕತ್ತು ಕೊಡು ಅಂದ್ರೆ ಕೈತುಂಬ ತಂದುಕೊಡ್ತಾಳೆ. ಏನು ತಪ್ಪಾಗಿದೆ?"

ಏನೂ ತಪ್ಪಾಗಿಲ್ಲ. ನನಗೆ ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ ಇದು, ಉತ್ತರವೂ ಇದ್ದುದರಲ್ಲಿ ಸ್ವಾರಸ್ಯದ್ದು.

ಎರಡೂವರೆ ವರ್ಷದ ಮಗುವಿಗೆ "ಒಂದು ಎರಡು ಮೂರು ನಾಲ್ಕು" ಅನ್ನುವುದು ಒಂದು ಉದ್ದನೆಯ ಪದ. ಹೆಸರು ಕೇಳಿದರೆ ಊರಿನ ಹೆಸರೂ ಸೇರಿಸಿ ಒಂದೇ ಉಸಿರಲ್ಲಿ ಹೇಳುತ್ತದಲ್ಲ, ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರನ್ ವಿನ್ 1990ರ ಆಸುಪಾಸಿನಲ್ಲಿ ಪುಟ್ಟ ಮಕ್ಕಳ ಮುಂದೆ ಆಟದ ಸಾಮಾನಿನ ರಾಶಿ ಇಟ್ಟು "ಒಂದು ಕೊಡು", "ಎರಡು ಕೊಡು", "ಮೂರು ಕೊಡು" ಎಂದು ಕೇಳುತ್ತಾ ಹೋದರು. ಕಂಡದ್ದೇನೆಂದರೆ, ಮಗು ಮೊದಲು ಒಂದನ್ನು ಮಾತ್ರ ತಿಳಿಯುತ್ತದೆ; ಎರಡು ಕೇಳಿದರೂ ಐದು ಕೇಳಿದರೂ ಒಂದು ಹಿಡಿ. ಕೆಲವು ತಿಂಗಳ ಮೇಲೆ ಎರಡು ಗೊತ್ತಾಗುತ್ತದೆ. ಇನ್ನಷ್ಟು ತಿಂಗಳಿಗೆ ಮೂರು. ಆಮೇಲೆ ಸುಮಾರು ಮೂರೂವರೆ, ನಾಲ್ಕರ ಹೊತ್ತಿಗೆ ಯಾವುದೋ ಒಂದು ದಿನ ಬೀಗ ತೆರೆದುಕೊಳ್ಳುತ್ತದೆ: ಎಣಿಸಿ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದರ ಉತ್ತರ. ಅಲ್ಲಿಂದ ಮುಂದೆ ಐದಾದರೂ ಎಂಟಾದರೂ ಒಂದೇ ಲೆಕ್ಕ. ಬಾಯಲ್ಲಿ ಹತ್ತು ಬಂದ ದಿನಕ್ಕೂ ಈ ದಿನಕ್ಕೂ ನಡುವೆ ವರ್ಷಗಟ್ಟಲೆ ಅಂತರ ಇರುವುದು ಸಹಜ.

ನೀವು ಮಾಡಬೇಕಾದ್ದು ಒಂದೇ. ಪುಟ ಎಣಿಸಿ ಮುಗಿದ ಮೇಲೆ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಹೇಳಿ, ಚಿತ್ರದ ಸುತ್ತ ಬೆರಳಲ್ಲಿ ಒಂದು ಸುತ್ತು ಎಳೆಯಿರಿ. "ಒಂದು, ಎರಡು, ಮೂರು, ನಾಕು. ನಾಕು ಕಪ್ಪೆ!" ಆ ಸುತ್ತಿನಲ್ಲೇ ಎಲ್ಲ ಇದೆ. ಮೂರು ವರ್ಷದವರೆಗೆ ಪುಸ್ತಕದ ಮೊದಲ ನಾಲ್ಕು ಪುಟಗಳಲ್ಲೇ ಹೆಚ್ಚು ಹೊತ್ತು ಕಳೆಯಿರಿ, ಉಳಿದ ಆರನ್ನು ಹಾಡಿ ದಾಟಿಸಿ.

ಐದು ತುಂಬಿದ ಮೇಲೂ ಎರಡು, ಮೂರಕ್ಕೇ ತೊಡಕಾಗುತ್ತಿದ್ದರೆ ಅಥವಾ ಮಾತೇ ತಡವಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ.

"ಬೆರಳಿಟ್ಟು ಎಣಿಸ್ತಾ ಓದಿದ್ರೆ ಪದ್ಯದ ಓಟ ನಿಂತುಹೋಗತ್ತೆ. ಏನ್ ಮಾಡೋದು?"

ಎರಡು ಸಲ ಓದಿ. ಮೊದಲು ಬೆರಳು ಬಿಟ್ಟು, ಪೂರಾ ಪದ್ಯ, ಓಟದಲ್ಲಿ. ಎರಡನೇ ಸಲ ಪ್ರಾಸ ಮರೆತು ನಿಧಾನವಾಗಿ ಬೆರಳು. ಎರಡನ್ನೂ ಒಟ್ಟಿಗೆ ಮಾಡಹೋದರೆ ಎರಡೂ ಕೆಡುತ್ತವೆ. ಪ್ರಾಸಕ್ಕೆ ಅವಸರ, ಬೆರಳಿಗೆ ಇಲ್ಲ.

ಬೆರಳಿಡುವಾಗ ಕನ್ನಡಕ್ಕೇ ಸೇರಿದ ಒಂದು ಸಣ್ಣ ಎಡವಟ್ಟು ಇದೆ. ಒಂದು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು, ಎಲ್ಲ ಎರಡೆರಡು ಅಕ್ಷರ. ಎರಡು ಮತ್ತು ಒಂಬತ್ತು ಮೂರು ಮೂರು ಅಕ್ಷರ. ಜಗಲಿಗೆ ಬರುವ ಒಬ್ಬ ಪುಟ್ಟ ಹುಡುಗ ಪ್ರತಿ ಅಕ್ಷರಕ್ಕೂ ಒಂದು ಹಕ್ಕಿ ಮುಟ್ಟುತ್ತಿದ್ದ: ಒಂ, ದು, ಎ, ರ, ಡು. ಎರಡು ಮುಗಿಯುವಷ್ಟರಲ್ಲಿ ಅವನ ಐದು ಹಕ್ಕಿ ಖರ್ಚು. ನಾನು ಬಾಯಿಮಾತಲ್ಲಿ ತಿದ್ದಿ ಸೋತೆ. ಕೊನೆಗೆ ಹುಣಸೆಬೀಜ ಕೊಟ್ಟೆ. ಪುಟದ ಮೇಲೆ ಒಂದು ಹಕ್ಕಿಗೆ ಒಂದು ಬೀಜ, ಇಟ್ಟ ಮೇಲೆ ಸಂಖ್ಯೆ ಹೇಳು. ಬೀಜ ಇಡಲು ಹೊತ್ತು ಹಿಡಿಯುತ್ತದಲ್ಲ, ಅಷ್ಟರಲ್ಲಿ ಪೂರಾ ಪದ ಬಾಯಿಂದ ಹೊರಬರುತ್ತದೆ. ಮೂರನೇ ಭಾನುವಾರಕ್ಕೆ ಸರಿಹೋಯಿತು. ಬೀಜವನ್ನು ಬಾಯಿಗೆ ಹಾಕುವ ವಯಸ್ಸಿನವರಿಗೆ ಈ ಉಪಾಯ ಬೇಡ.

ಬೆರಳು ಮಡಿಸುತ್ತಾ ಹೇಳುವ "ಅವಲಕ್ಕಿ ಪವಲಕ್ಕಿ" ಆಟವನ್ನೂ ಬಿಡಬೇಡಿ. ಅದರಲ್ಲಿ ಒಂದು ಸಂಖ್ಯೆಯೂ ಇಲ್ಲ. ಆದರೂ ಒಂದು ಸದ್ದಿಗೆ ಒಂದು ಬೆರಳು ಎಂಬ ನಿಯಮವನ್ನು ಮಗು ಕಲಿಯುವುದು ಮೊದಲು ಅಲ್ಲೇ.

"ಅದೇ ಪುಸ್ತಕ, ಅದೇ ಪುಸ್ತಕ. ನನಗೆ ತಲೆ ಚಿಟ್ಟು ಹಿಡಿದಿದೆ."

ಹಿಡಿಯಲಿ. ಮುಂದಿನ ಪದ ಏನು ಎಂದು ಗೊತ್ತಿದ್ದು, ಅದೇ ಬಂದಾಗ ಮಗುವಿಗೆ ಸಿಗುವ ಖುಷಿ ನಮಗೆ ಮರೆತುಹೋಗಿದೆ ಅಷ್ಟೆ. ಸಾಲಿನ ಕೊನೆಯ ಪದ ನುಂಗಿ ಸುಮ್ಮನಾಗಿ, ಅದು ತಾನೇ ಹೇಳುತ್ತದೆ. ನಿಮಗೆ ಬೇಜಾರಾದರೆ ಒಂದು ದಿನ ಮುದುಕನ ದನಿಯಲ್ಲಿ ಓದಿ.

"ಪುಟ ಹರೀತಾನೆ, ಮೂಲೆ ಅಗೀತಾನೆ."

ದಪ್ಪ ರಟ್ಟಿನ ಪುಸ್ತಕ ಕೊಡಿ. ಹರಿದದ್ದನ್ನು ಅವನೆದುರಿಗೇ ಟೇಪು ಹಚ್ಚಿ. ಕೈಗೆ ಸಿಗದಂತೆ ಬೀರುವಿನ ಮೇಲೆ ಇಟ್ಟ ಪುಸ್ತಕ ಧೂಳು ಹಿಡಿಯುವುದಕ್ಕಷ್ಟೇ ಚೆನ್ನ.

"'ಎಷ್ಟಿದೆ? ಎಷ್ಟಿದೆ?' ಅಂತ ಕೇಳಿದ್ರೆ ಪುಸ್ತಕ ಮುಚ್ಚಿಬಿಡ್ತಾನೆ."

ನಾನಾಗಿದ್ದರೂ ಮುಚ್ಚುತ್ತಿದ್ದೆ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಪರೀಕ್ಷೆ, ಮಕ್ಕಳಿಗೆ ಅದರ ವಾಸನೆ ಬೇಗ ಹತ್ತುತ್ತದೆ. ನೀವೇ ಎಣಿಸಿ, ತಪ್ಪಾಗಿ. "ಒಂದು, ಎರಡು, ನಾಕು..." ಎಂದು ಹೇಳಿ ಮುಖ ನೋಡಿ. ಇಲ್ಲವೇ ಎಣಿಕೆ ಬಿಟ್ಟು ಬೇರೆ ಮಾತಾಡಿ: ಈ ಕೋತಿ ಯಾಕೆ ಮೂತಿ ಊದಿಸಿದೆ, ಯಾವ ಬಾತುಕೋಳಿಗೆ ಟೋಪಿ ಇಲ್ಲ. ಟೋಪಿ ಇಲ್ಲದ್ದನ್ನು ಹುಡುಕಲು ಎಲ್ಲವನ್ನೂ ಒಂದೊಂದಾಗಿ ನೋಡಲೇಬೇಕು, ಅದೂ ಎಣಿಕೆಯ ಅರ್ಧ ಕೆಲಸ.

"ಪುಸ್ತಕದಲ್ಲಿ ಏಳು ಅಂತ ಬರೆದಿದೆ, ಚಿತ್ರದಲ್ಲಿ ಎಂಟು ಚಿಟ್ಟೆ ಇದೆ! ವಾಪಸ್ ಕೊಡ್ಲಾ?"

ಕೊಡಬೇಡಿ, ಅದು ನಿಧಿ. ನನ್ನ ಹತ್ತಿರವೂ ಅಂಥದೊಂದಿದೆ. ಎರಡು ವರ್ಷ ಓದಿದರೂ ನನಗೆ ಗೊತ್ತಾಗಿರಲಿಲ್ಲ, ನಾಲ್ಕು ವರ್ಷದ ಹುಡುಗಿಯೊಬ್ಬಳು ಹಿಡಿದಳು. ನಾನು ಅಲ್ಲ ಏಳೇ ಅಂದೆ. ಅವಳು ಹೆಬ್ಬೆರಳಿನಿಂದ ಒಂದು ಚಿಟ್ಟೆ ಮುಚ್ಚಿ, "ಈಗ ಏಳು" ಅಂದಳು. ದೊಡ್ಡವರು ಅಚ್ಚು ಹಾಕಿಸಿದ್ದನ್ನು ತಾನು ಎಣಿಸಿ ತಪ್ಪು ಎನ್ನಬಹುದು ಅಂತ ಆ ಜಗಲಿಯಲ್ಲಿ ಎಲ್ಲರಿಗೂ ಗೊತ್ತಾದದ್ದು ಆವತ್ತು. ಆ ಪುಸ್ತಕಕ್ಕೆ ಈಗ ಭಾರಿ ಬೇಡಿಕೆ.

## ನಮ್ಮ ಮಾತು, ಅವರ ಮಾತು

"ನಾವು ಧಾರವಾಡದ ಕಡೇಯವ್ರು. ಪುಸ್ತಕದಾಗಿನ ಭಾಷಾ ಓದಬೇಕೋ, ನಮ್ಮ ಮಾತಿನ್ಯಾಗ ಹೇಳಬೇಕೋ?"

ನಿಮ್ಮ ಮಾತಿನಲ್ಲೇ ಹೇಳಿ. ಒಂದ, ಎರಡ, ಮೂರ, ನಾಕ ಅಂದರೆ ಎಣಿಕೆಗೆ ಯಾವ ಊನವೂ ಇಲ್ಲ. ಪ್ರಾಸವೂ ಉಳಿಯುತ್ತದೆ, ಯಾಕೆಂದರೆ ಪಕ್ಕದ ಪದವೂ ಅದೇ ರೀತಿ ಬದಲಾಗುತ್ತದೆ: ಮೂರು, ಚೂರು ಇದ್ದದ್ದು ಮೂರ, ಚೂರ. ನಿಜ ಹೇಳಬೇಕೆಂದರೆ ಕೆಲವೆಡೆ ಆಡುಮಾತೇ ಪ್ರಾಸವನ್ನು ಕಾಪಾಡುತ್ತದೆ. ಪುಸ್ತಕದ "ನಾಲ್ಕು" ಯಾವುದಕ್ಕೂ ಸರಿಯಾಗಿ ಜೋಡಿಯಾಗದು. ಬಾಯಲ್ಲಿ ಅದು ನಾಕು ಆದ ಕೂಡಲೇ ಬೇಕು, ಸಾಕು, ಹಾಕು ಎಲ್ಲ ನೆಂಟರಾಗುತ್ತವೆ. ಪುಸ್ತಕದ ರೂಪವನ್ನು ಶಾಲೆ ಹೇಗೂ ಕಲಿಸುತ್ತದೆ.

"ನಮ್ಮ ಮಾವ ರಾಗಿ ಅಳೆಯೋವಾಗ 'ಲಾಭ, ಎರಡು, ಮೂರು' ಅಂತಾರೆ. ಮಗಳೂ ಪುಸ್ತಕದಲ್ಲಿ ಒಂದು ಅನ್ನೋ ಕಡೆ ಲಾಭ ಅಂತಾಳೆ!"

ತಿದ್ದಬೇಡಿ. ಕಣದಲ್ಲಿ ಸೇರಿಗೆ ಲಾಭ, ಪುಸ್ತಕದಲ್ಲಿ ಮೊಲಕ್ಕೆ ಒಂದು. ಎಲ್ಲಿ ಯಾವುದು ಅನ್ನುವುದು ಅವಳಿಗೆ ಬೇಗ ಗೊತ್ತಾಗುತ್ತದೆ. ಮಾವನವರು ಅಳೆಯುವಾಗ ಪಕ್ಕದಲ್ಲಿ ಕೂರಿಸಿ. ಒಂದು ಸೇರು ಸುರಿದರೆ ಒಂದು ಮಾತು, ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

"ಸ್ಕೂಲಲ್ಲಿ ವನ್ ಟೂ ತ್ರೀ, ಮನೇಲಿ ಒಂದು ಎರಡು. ಕನ್ಫ್ಯೂಸ್ ಆಗಲ್ವಾ?"

ಈ ಪ್ರಶ್ನೆ ಬೆಂಗಳೂರಿನಿಂದಲೂ ಬರುತ್ತದೆ, ಡಲ್ಲಾಸ್, ದುಬೈಗಳಿಂದಲೂ ಬರುತ್ತದೆ. ಬೆರೆಸುತ್ತಾರೆ, ಗೊಂದಲವಾಗುವುದಿಲ್ಲ. "ಟೂ ಆನೆ" ಅನ್ನುವ ಮಗುವಿಗೆ ಆನೆ ಎಷ್ಟಿದೆ ಎಂದು ಚೆನ್ನಾಗಿಯೇ ಗೊತ್ತಿದೆ. ಎಷ್ಟು ಎಂಬ ತಿಳಿವು ಒಂದು ಭಾಷೆಯಲ್ಲಿ ಕೂತರೆ ಇನ್ನೊಂದರಲ್ಲಿ ಬೇಕಾದ್ದು ಹೆಸರು ಮಾತ್ರ. ನನ್ನ ಸಲಹೆ ಇಷ್ಟೇ: ಒಂದು ಪುಸ್ತಕ ಒಂದೇ ಭಾಷೆಯಲ್ಲಿ ಓದಿ. ಇಂಗ್ಲಿಷ್ ಪ್ರಾಸದ ಪುಸ್ತಕವನ್ನು ಪುಟದ ಮೇಲೇ ಕನ್ನಡಕ್ಕೆ ತಿರುಗಿಸಿದರೆ ಪ್ರಾಸ ಅಲ್ಲೇ ಸಾಯುತ್ತದೆ, ಉಳಿಯುವುದು ಪಟ್ಟಿ. ಹೊರದೇಶದಲ್ಲಿರುವವರಿಗೆ ಒಂದು ಮಾತು. ವಿಡಿಯೊ ಕರೆಯಲ್ಲಿ ಊರಿನ ಅಜ್ಜಿ ಕೈಯಲ್ಲೊಂದು ಪ್ರತಿ, ಮಗುವಿನ ಕೈಯಲ್ಲೊಂದು ಪ್ರತಿ ಇರಲಿ. ಅಜ್ಜಿ ಓದಲಿ, ಮಗು ಇಲ್ಲಿ ಬೆರಳಿಡಲಿ.

"೧, ೨, ೩ ಕಲಿಸ್ಬೇಕಾ? ಯಾರು ಬಳಸ್ತಾರೆ ಈಗ?"

ಸರ್ಕಾರಿ ಬಸ್ಸುಗಳು ಬಳಸುತ್ತವೆ. ಮೂರು ವರ್ಷಕ್ಕೆ ಯಾವ ಅಂಕಿಯೂ ತುರ್ತಿನದಲ್ಲ, ಚಿತ್ರ ಮುಖ್ಯ. ನಾಲ್ಕೂವರೆಯಾದ ಮೇಲೆ ಎರಡನ್ನೂ ಅಕ್ಕಪಕ್ಕ ತೋರಿಸಿ. ೨ ನೋಡಲು 2ರ ಹಾಗೇ ಇರುವುದರಿಂದ ಅಲ್ಲಿಂದ ಶುರುಮಾಡಿ. ೧ ಮತ್ತು ೦ ಅದಲುಬದಲಾಗುತ್ತವೆ, "ಬಾಯಿ ತೆರೆದದ್ದು ಒಂದು, ಮುಚ್ಚಿದ್ದು ಸೊನ್ನೆ" ಎಂದು ಹೇಳಿಕೊಟ್ಟರೆ ನೆನಪಿರುತ್ತದೆ. ಆಮೇಲೆ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ.

"ಪುಸ್ತಕದಲ್ಲಿ 'ಮೂರು ಹುಡುಗಿಯರು' ಅಂತ ಹಾಕಿದ್ದಾರೆ. 'ಮೂವರು' ಅಲ್ವಾ ಸರಿ?"

ಬರವಣಿಗೆಯ ಕನ್ನಡದಲ್ಲಿ ಮೂವರೇ ಸರಿ, ಮಾತಿನಲ್ಲಿ "ಮೂರು ಜನ". ಬೇರೆ ಭಾಷೆಯಿಂದ ತಂದ ಪುಸ್ತಕಗಳಲ್ಲಿ ಈ ಕಲ್ಲು ಹಲ್ಲಿಗೆ ಸಿಗುತ್ತಲೇ ಇರುತ್ತದೆ. ಕನ್ನಡ ಮನುಷ್ಯರನ್ನು ಎಣಿಸುವುದೇ ಬೇರೆ ಥರ: ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು, ಐವರು, ಅದರಾಚೆ ಆರು ಜನ, ಏಳು ಮಂದಿ. ಆಗಷ್ಟೇ ಒಂದು ಎರಡು ಕಲಿಯುತ್ತಿರುವ ಮಗುವಿಗೆ ಇದ್ದಕ್ಕಿದ್ದಂತೆ ಪದಗಳೇ ಬದಲಾದರೆ ಕಷ್ಟ. ಅದಕ್ಕೆ ಮೊದಲ ಪುಸ್ತಕ ಪ್ರಾಣಿ, ಹಣ್ಣು, ಗಾಡಿಗಳದ್ದಿರಲಿ. ಅಲ್ಲಿ ಕನ್ನಡ ಉದಾರಿ: "ಮೂರು ಕೋತಿ" ಅಂದರೂ ನಡೆಯುತ್ತದೆ, "ಕೋತಿಗಳು" ಎಂದು ಬಾಲ ಹಚ್ಚಲೇಬೇಕಿಲ್ಲ.

## ಇನ್ನೂ ಸ್ವಲ್ಪ ಆಳಕ್ಕೆ

"ಪ್ರಾಸ ಕೇಳಿದ್ರೆ ಓದು ಬೇಗ ಬರತ್ತೆ ಅಂತಾರೆ, ನಿಜಾನಾ?"

ಅರ್ಧ ನಿಜ. ಬ್ರ್ಯಾಡ್ಲಿ ಮತ್ತು ಬ್ರಯಂಟ್ ಎಂಬ ಇಬ್ಬರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕೈದು ವರ್ಷಕ್ಕೆ ಪ್ರಾಸ ಗುರುತಿಸಬಲ್ಲ ಮಕ್ಕಳು ಮುಂದೆ ಓದು, ಕಾಗುಣಿತದಲ್ಲಿ ಚೆನ್ನಾಗಿ ಮುಂದುವರಿದದ್ದು ಕಂಡಿತು. ಅವು ಇಂಗ್ಲಿಷ್ ಕಲಿಯುವ ಮಕ್ಕಳು. ಕನ್ನಡದ ಲಿಪಿಯ ದಾರಿ ಬೇರೆ. ಒಂದು ಅಕ್ಷರದಲ್ಲಿ ವ್ಯಂಜನವೂ ಸ್ವರವೂ ಅಂಟಿಕೊಂಡಿರುತ್ತವೆ, ಗುಣಿತ, ಒತ್ತು ಸೇರಿದರೆ ನೂರಾರು ಆಕಾರ. ಬೆಂಗಳೂರಿನ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿದಂತೆ, ಈ ಅಕ್ಷರಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಹಬ್ಬುತ್ತದೆ. ಹಾಗಾಗಿ ಪ್ರಾಸ ಕೇಳಿದ ಕೂಡಲೇ ಓದು ಬರುವುದಿಲ್ಲ. ಆದರೆ ಗಂಟು, ದಂಟು, ನಂಟು ಕೇಳಿ ಕೇಳಿ ಪದದೊಳಗೆ ತುಂಡುಗಳಿವೆ ಎಂದು ಕಿವಿಗೆ ಗೊತ್ತಾದ ಮಗುವಿಗೆ "ಂಟು" ಬರೆದು ತೋರಿಸಿದಾಗ ಅದು ಹಳೇ ಪರಿಚಯ.

ಇಲ್ಲೊಂದು ಅಡ್ಡಮಾತು, ಬೇಡದವರು ದಾಟಿಕೊಳ್ಳಿ. ಹತ್ತನೇ ಶತಮಾನದ ಕೊನೆಯ ಭಾಗದ ಕವಿ ನಾಗವರ್ಮ, ಪದ್ಯ ಕಟ್ಟುವ ನಿಯಮ ಹೇಳುವ ತನ್ನ ಛಂದೋಂಬುಧಿಯಲ್ಲಿ ಪ್ರಾಸಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾನೆ. ಪ್ರಾಸದ ಅಕ್ಷರಕ್ಕೆ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಅನುಸ್ವಾರ ಬಂದರೆ ವೃಷಭ, ಅದೇ ಅಕ್ಷರಕ್ಕೆ ಅದೇ ಒತ್ತು ಬಂದರೆ ಹಯ, ಹೀಗೆ ಆರು. ಅವನು ಹೇಳಿದ್ದು ಸಾಲಿನ ಎರಡನೇ ಅಕ್ಷರದ ಪ್ರಾಸಕ್ಕೆ. ನಮ್ಮ ಸಂಖ್ಯೆಗಳು ಹೆಚ್ಚಾಗಿ ಎರಡೇ ಅಕ್ಷರದವಾದ್ದರಿಂದ ಲೆಕ್ಕ ಇಲ್ಲಿಗೂ ಹೊಂದುತ್ತದೆ. ಎರಡು–ಕೊರಡು ಸಿಂಹ, ಮೂರು–ಚೂರು ಆನೆ, ಎಂಟು–ಗಂಟು ಗೂಳಿ, ಹತ್ತು–ತುತ್ತು ಕುದುರೆ. ಐದಾರು ವರ್ಷದವರಿಗೆ ಇದನ್ನು ಹೇಳಿ ನೋಡಿ, ಸಿಕ್ಕಸಿಕ್ಕ ಪದಕ್ಕೆಲ್ಲ ಪ್ರಾಣಿ ಹುಡುಕಿಕೊಂಡು ಬರುತ್ತಾರೆ.

"ನಾವೇ ಒಂದು ಪುಸ್ತಕ ಮಾಡೋಣ ಅಂತ ಕೂತ್ವಿ. ಐದಕ್ಕೆ ಬಂದು ಪ್ರಾಸ ಸಿಗದೆ ನಿಂತ್ವಿ."

ಎಲ್ಲರೂ ನಿಲ್ಲುವುದು ಅಲ್ಲೇ. ಕನ್ನಡದಲ್ಲಿ ಒಳ್ಳೆಯ ಎಣಿಕೆ ಪದ್ಯ ಅಪರೂಪವಾಗಿರುವುದಕ್ಕೆ ಐದು ಮತ್ತು ಒಂಬತ್ತೇ ಕಾರಣ ಎಂದು ನನ್ನ ಗುಮಾನಿ. ಮೂರಕ್ಕೆ ಊರು, ಚೂರು, ಸೂರು ಎಂದು ಸಂತೆಯೇ ಇದೆ. ಐದಕ್ಕೆ ಬೈದು, ಕೊಯ್ದು, ನೆಯ್ದು, ಹೊಯ್ದು ಇಷ್ಟೇ, ಎಲ್ಲವೂ ಮುಗಿಯದ ಕ್ರಿಯೆಗಳು. ಅಂದರೆ ಐದರ ಸಾಲನ್ನು ಅಲ್ಲೇ ಮುಗಿಸಬಾರದು, ಆರಕ್ಕೆ ಉರುಳಿಸಬೇಕು. ಜಗಲಿಯ ಮಕ್ಕಳ ಜೊತೆ ಸೇರಿ ಕಟ್ಟಿದ ಇರುವೆ ಪದ್ಯ ಇದು:

ಇರುವೆ ಒಂದು, ಬಂತು ಮುಂದು.
ಇರುವೆ ಎರಡು, ಹತ್ತಿತು ಕೊರಡು.
ಇರುವೆ ಮೂರು, ಬೆಲ್ಲದ ಚೂರು.
ಇರುವೆ ನಾಕು, ಹೊತ್ತರೆ ಸಾಕು.
ಇರುವೆ ಐದು, ಅಜ್ಜಿ ಬೈದು,
ಇರುವೆ ಆರು, ಓಡಿದ್ದ್ಯಾರು?
ಇರುವೆ ಏಳು, ಎಲ್ಹೋಯ್ತು ಹೇಳು?
ಇರುವೆ ಎಂಟು, ಬೆನ್ಮೇಲೆ ಗಂಟು.
ಇರುವೆ ಒಂಬತ್ತು, ಗೂಡೊಳಗಿತ್ತು.
ಇರುವೆ ಹತ್ತು, ಒಂದೊಂದು ತುತ್ತು.

"ಬೈದು" ಕೊಟ್ಟದ್ದು ಐದು ವರ್ಷದವಳೊಬ್ಬಳು, ಅವಳ ಮನೆಯ ಅಜ್ಜಿಯ ಕೃಪೆ. ಚಿತ್ರಕ್ಕೆ ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನು, ಸ್ಟ್ಯಾಂಪ್ ಪ್ಯಾಡಿನ ಶಾಯಿ. ಬೆರಳು ಒತ್ತಿದರೆ ಒಂದು ಇರುವೆ. ಒಣಗಿದ ಮೇಲೆ ಪೆನ್ನಿನಲ್ಲಿ ಆರು ಕಾಲು. ತನ್ನ ಬೆರಳಿಂದಲೇ ಒತ್ತಿದ ಇರುವೆಯನ್ನು ಎಣಿಸುವಾಗ ಮಗು ಒಂದನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ.

ಇನ್ನೊಂದು ದಾರಿ, ಸಂಖ್ಯೆಗಳ ಎರಡನೇ ಅರ್ಥ. ಏಳು ಅಂದರೆ ಎದ್ದೇಳು, ಹತ್ತು ಅಂದರೆ ಮೇಲೆ ಹತ್ತು, ಆರು ಅಂದರೆ ತಣ್ಣಗಾಗು. "ಏಳು ಕರಡಿ, ಏಳು ಏಳು!" ಎಂದು ಒಂದು ಪುಟ ಬರೆದು ನೋಡಿ. ಈ ಚೇಷ್ಟೆ ಕನ್ನಡದಲ್ಲೇ ಹುಟ್ಟಬೇಕು, ಎಲ್ಲಿಂದಲೋ ತಂದು ಹಾಕಲಾಗದು.

"ಹತ್ತು ಮುಗೀತು. ಮುಂದೆ? ಹಿಂದಕ್ಕೆ ಎಣಿಸೋ ಪುಸ್ತಕ ಯಾವಾಗ?"

ಮುಂದಕ್ಕೆ ಎಣಿಸುವುದು ಗಟ್ಟಿಯಾದ ಮೇಲೆ, ಸುಮಾರು ನಾಲ್ಕರ ಹೊತ್ತಿಗೆ ಹಿಂದಕ್ಕೆ. ಕೊನೆಯ ಪುಟದಲ್ಲಿ ಏನೂ ಉಳಿಯದ ಪುಸ್ತಕ ಸಿಕ್ಕರೆ ಬಿಡಬೇಡಿ, ಖಾಲಿ ಪುಟವನ್ನು ನೋಡಿ ಮಕ್ಕಳು ನಗುತ್ತಾರೆ. ಸೊನ್ನೆಯ ಪರಿಚಯ ಹಾಗೇ ಆಗಲಿ.

ಹತ್ತರಾಚೆಗೆ ಹನ್ನೊಂದು, ಹನ್ನೆರಡು ಎಡವಿಸುತ್ತವೆ. ಹದಿಮೂರರಿಂದ ದಾರಿ ನೇರ, ಹದಿ ಅಂದರೆ ಹತ್ತು. ಹದಿನೆಂಟಾದ ಮೇಲೆ ಮಗು "ಹದಿನೊಂಬತ್ತು" ಅಂದರೆ ಖುಷಿಪಡಿ, ನಿಯಮ ಹಿಡಿದಿದೆ ಎಂದರ್ಥ; ಹತ್ತೊಂಬತ್ತು ಎಂದು ಬದಲಿಸಿದ್ದು ಭಾಷೆಯ ತಂಟೆ. ಒಂಬತ್ತಿನಲ್ಲೇ ಹತ್ತು ಅಡಗಿದೆ ಎಂಬುದನ್ನೂ ದೊಡ್ಡ ಮಕ್ಕಳಿಗೆ ಹೇಳಬಹುದು. ಹಳಗನ್ನಡದ "ಪತ್ತು"ವಿಗೆ ಒಂದು ಕಮ್ಮಿ, ಒಂಬತ್ತು.

"ಅಂಗನವಾಡೀಲಿ ಇಪ್ಪತ್ತು ಮಕ್ಕಳು, ಪುಸ್ತಕ ಒಂದೇ. ಬೆರಳಿಡೋದು ಹೇಗೆ?"

ಪುಸ್ತಕವನ್ನು ಎತ್ತಿ ಹಿಡಿದು ಪದ್ಯ ಓದಿ, ಎಣಿಕೆಯನ್ನು ನೆಲಕ್ಕೆ ಇಳಿಸಿ. ಐದು ಕಪ್ಪೆಯ ಪುಟ ಬಂದಾಗ ಐದು ಮಕ್ಕಳು ಎದ್ದು ಕುಪ್ಪಳಿಸಲಿ, ಉಳಿದವರು ತಲೆ ಮುಟ್ಟಿ ಎಣಿಸಲಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಪುಟ ಬಿಡಿಸಿ ಕಲ್ಲು ಇಡಿಸಿದರೂ ಆಯಿತು. ಒಂದು ದಿನಕ್ಕೆ ಎರಡೇ ಪುಟ. ಹತ್ತೂ ಪುಟ ಮುಗಿಸಲು ಹೋದರೆ ಹಿಂದಿನ ಸಾಲು ಜಗಳಕ್ಕೆ ಬಿದ್ದಿರುತ್ತದೆ.

"ಮಗನಿಗೆ ಆರು ತುಂಬ್ತು, ಕೂಡೋದು ಕಳೆಯೋದು ಬರತ್ತೆ. ಈಗ್ಲೂ ಅದೇ ಕಪ್ಪೆ ಪುಸ್ತಕ ತರ್ತಾನೆ. ಕೊಟ್ಟುಬಿಡ್ಲಾ ಯಾರಿಗಾದ್ರೂ?"

ಅವನನ್ನೇ ಕೇಳಿ. ಇದೇ ಪ್ರಶ್ನೆ ಕೇಳಿದ ಒಬ್ಬ ತಾಯಿ ಕೊಡಲೆಂದು ಚೀಲಕ್ಕೆ ಹಾಕಿ ಜಗಲಿಗೆ ತಂದಿದ್ದರು. ನಾವು ಮಾತಾಡುತ್ತಿರುವಾಗ ಹುಡುಗ ಚೀಲದಿಂದ ತೆಗೆದು, ಎರಡೂವರೆ ವರ್ಷದ ತಂಗಿಯನ್ನು ಕಂಬಕ್ಕೆ ಒರಗಿಸಿ ಓದಲು ಕೂತ. ಪದ್ಯ ಬಾಯಿಪಾಠ, ಪುಟ ನೋಡುವುದೂ ಬೇಕಿಲ್ಲ. ಮೂರು ಕಪ್ಪೆಯ ಪುಟದಲ್ಲಿ ಬೇಕೆಂದೇ "ಒಂದು, ಎರಡು, ಮುಗೀತು!" ಎಂದು ಮಗುಚಲು ಹೋದ. ಅವಳು ಮಾತಾಡಲಿಲ್ಲ. ಉಳಿದ ಕಪ್ಪೆಯ ಮೇಲೆ ಬೆರಳು ಊರಿ ಕೂತುಬಿಟ್ಟಳು, ಪುಟ ತಿರುಗಿಸಲು ಬಿಡಲಿಲ್ಲ. ತಾಯಿ ಚೀಲ ಮಡಚಿ ಹೆಗಲಿಗೆ ಹಾಕಿಕೊಂಡರು.